ಶೋಕೇಸಿನಲ್ಲಿ ಬಿಚ್ಚದೆ ಇಟ್ಟ ಗೊಂಬೆ

ಶಿಡ್ಲಘಟ್ಟದ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಅಣ್ಣನ ಮನೆಯಿದೆ. ಅಲ್ಲಿನ ಶೋಕೇಸಿನಲ್ಲಿ, ಸ್ಟೀಲ್ ಲೋಟಗಳ ಸಾಲಿಗೂ ನಾನು ಪದವಿ ಪಡೆದ ದಿನದ ಫೋಟೋಗೂ ನಡುವೆ, ಒಂದು ಗೊಂಬೆ ಐದು ವರ್ಷ ತನ್ನ ಡಬ್ಬಿಯೊಳಗೇ ನಿಂತಿತ್ತು. ಅದನ್ನು ಹಾಗೆ ನಿಲ್ಲಿಸಿದವಳು ನಾನು.

ಅದು ವಿಡಿಯೋ ಗೇಮೊಂದರ ಯೋಧೆಯ ಗೊಂಬೆ. ನೀಲಿ ಮೇಲಂಗಿ, ಕೈಯಲ್ಲಿ ಕತ್ತಿ, ಭುಜದಲ್ಲೂ ಮೊಣಕೈಯಲ್ಲೂ ತಿರುಗುವ ಕೀಲುಗಳು. ಅಣ್ಣನ ಮಗಳು ಆಗ ಮೂರನೆಯ ತರಗತಿಯಲ್ಲಿದ್ದಳು. ಚಿಕ್ಕಬಳ್ಳಾಪುರದ ನನ್ನ ಕಚೇರಿಗೆ ರಜೆಯಿದ್ದಾಗ ನಾನು ಊರಿಗೆ ಹೋದರೆ, ನನ್ನ ಲ್ಯಾಪ್‌ಟಾಪಿನಲ್ಲಿ ಆ ಗೇಮನ್ನು ನಾವಿಬ್ಬರೂ ಆಡುತ್ತಿದ್ದೆವು. "ಅತ್ತೆ, ಇವ್ಳು ಪರದೆಯಿಂದ ಆಚೆ ಬಂದ್ರೆ ಎಷ್ಟು ಚೆನ್ನಾಗಿರ್ತಿತ್ತಲ್ವಾ?" ಎಂದು ಅವಳು ಒಮ್ಮೆ ಕೇಳಿದಳು. ಅವಳ ಹುಟ್ಟುಹಬ್ಬಕ್ಕೆಂದು ನಾನು ಆ ಗೊಂಬೆಯನ್ನು ತರಿಸಿದ್ದು ಅದಕ್ಕಾಗಿಯೇ. ನನ್ನ ಉದ್ದೇಶ ಮೊದಲಿಗೆ ಅಷ್ಟೇ ಆಗಿತ್ತು ಎಂಬುದನ್ನು ಹೇಳಬೇಕು. ಅದರಿಂದ ತಪ್ಪು ಕಡಿಮೆಯಾಗುವುದಿಲ್ಲ ಎಂಬುದೂ ನನಗೆ ತಿಳಿದಿದೆ.

ಗೊಂಬೆ ಕೈಸೇರಿದ ವಾರವೇ ಇಂಥವುಗಳನ್ನು ಸಂಗ್ರಹಿಸುವವರ ಒಂದು ಗುಂಪಿಗೆ ಫೋನಿನಲ್ಲಿ ಸೇರಿಕೊಂಡೆ. ಕಂಪನಿಯವರು ಅದನ್ನು ಕೆಲವೇ ಕೆಲವು ಮಾಡಿದ್ದಾರೆಂದೂ, ಡಬ್ಬಿ ಬಿಚ್ಚದಿದ್ದರೆ ಬೆಲೆ ಏರುತ್ತಲೇ ಇರುತ್ತದೆಂದೂ ಅಲ್ಲಿ ಎಲ್ಲರೂ ಬರೆಯುತ್ತಿದ್ದರು. ನಾನು ಕೊಟ್ಟ ಬೆಲೆಯ ಎರಡರಷ್ಟು ಆಗಲೇ ಆಗಿತ್ತು. ಹುಟ್ಟುಹಬ್ಬದ ದಿನ ಡಬ್ಬಿಯನ್ನು ಮಗುವಿನ ಕೈಗಿಟ್ಟು, ಅವಳ ಉಗುರು ಅಂಟುಪಟ್ಟಿಯ ಕೆಳಗೆ ಹೋಗುವಷ್ಟರಲ್ಲೇ ತಡೆದೆ.

"ಬಿಚ್ಚಬೇಡಮ್ಮ. ಬಿಚ್ಚಿದ್ರೆ ಬೆಲೆ ಹೋಗುತ್ತೆ. ನೀನು ಕಾಲೇಜು ಸೇರೋ ಹೊತ್ತಿಗೆ ನಿನ್ನ ಫೀಸು ಇದ್ರಲ್ಲೇ ಬರುತ್ತೆ."

ನಮ್ಮ ಮನೆಯಲ್ಲಿ ಪದವಿ ಓದಿದವಳು ನಾನೊಬ್ಬಳೇ. ಆದ್ದರಿಂದ ಅಲ್ಲಿ ನನ್ನ ಊಹೆ ಊಹೆಯಾಗಿ ಉಳಿಯುವುದಿಲ್ಲ; ಬಾಯಿಂದ ಹೊರಬಿದ್ದ ಕೂಡಲೇ ತೀರ್ಮಾನವಾಗುತ್ತದೆ. ಬೇರೆ ಯಾವ ಮನೆಯಲ್ಲಾದರೂ ಇಂಥ ಮಾತಿಗೆ ನಗುತ್ತಿದ್ದರೇನೋ. ಆದರೆ ಅಣ್ಣ ಅತ್ತಿಗೆಯರದು ರೇಷ್ಮೆ ಹುಳು ಸಾಕುವ ಮನೆ. ಚಿಟ್ಟೆ ಹೊರಬಂದು ತೂತಾದ ಗೂಡಿನಿಂದ ನೂಲು ತೆಗೆಯಲಾಗದು, ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತಿಗೆ ಚಿಂತಾಮಣಿ ಕಡೆಯವರು. ಮಗಳನ್ನು ಗದರುವಾಗ ತೆಲುಗು ತಾನಾಗಿಯೇ ಬರುತ್ತದೆ.

"ಏಮೇ, ಅತ್ತೆ ಹೇಳಿದ್ದು ಕೇಳಿಸ್ತಾ? ಇದು ಗೂಡಿದ್ದಂಗೆ. ತೂತು ಮಾಡಿದ್ಯೋ, ಮುಗೀತು."

ಅಣ್ಣ ನಕ್ಕರು. "ಗೂಡಾದ್ರೆ ತಟ್ಟೆಯಿಂದ ಬಿಡಿಸಿದ ತಕ್ಷಣ ಮಾರ್ತೀವಿ ಕಣಮ್ಮ. ಇದನ್ನ ಯಾವಾಗ ಮಾರೋದು?"

"ಇನ್ನೂ ಏರುತ್ತಣ್ಣ," ಎಂದೆ.

ಮಗು ಅಳಲಿಲ್ಲ. ಅತ್ತಿದ್ದರೆ ನಾನು ಬಿಚ್ಚಿ ಕೊಡುತ್ತಿದ್ದೆನೇನೋ ಎಂದು ಈಗ ಅನ್ನಿಸುತ್ತದೆ. ಅವಳು ಡಬ್ಬಿಯನ್ನು ತಾನೇ ಶೋಕೇಸಿನಲ್ಲಿಟ್ಟಳು. ಮರುಸಲ ನಾನು ಹೋದಾಗ ಪಕ್ಕದ ಮನೆಯ ಗೆಳತಿಯನ್ನು ಅದರ ಮುಂದೆ ಕೈಕಟ್ಟಿಸಿ ನಿಲ್ಲಿಸಿದ್ದಳು. "ನೋಡು ಅಷ್ಟೆ. ಮುಟ್ಬೇಡ ಕಣೇ." ಆ ಹುಡುಗಿ, "ಮುಟ್ದೇ ಇದ್ರೆ ಗೊಂಬೆ ಯಾಕೇ? ಫೋಟೋನೇ ಇಟ್ಕೊ," ಎಂದು ಮೂತಿ ತಿರುಗಿಸಿ ಹೋದಳು. ಕ್ರಮೇಣ ನಾನು ತಂದುಕೊಟ್ಟ ಜಾಮಿಟ್ರಿ ಬಾಕ್ಸು, ಬಣ್ಣದ ಪೆನ್ಸಿಲುಗಳು ಕೂಡ ಪ್ಲಾಸ್ಟಿಕ್ ಹೊದಿಕೆಯ ಸಮೇತ ಆ ಗೊಂಬೆಯ ಪಕ್ಕದಲ್ಲಿ ಸೇರತೊಡಗಿದವು. ಶಾಲೆಯಲ್ಲಿ ಅವಳು ಸ್ಕೇಲನ್ನು ಬೇರೆಯವರಿಂದ ಕೇಳಿ ಪಡೆಯುತ್ತಿದ್ದಳಂತೆ. ಎಷ್ಟು ಜೋಪಾನ ಎಂದು ನಾವೆಲ್ಲ ಮೆಚ್ಚಿಕೊಂಡೆವು.

ಇತ್ತ ಗುಂಪಿನಲ್ಲಿ ಬೆಲೆ ಏರುತ್ತಿತ್ತು. ಕೊಂಡವರು ಯಾರು, ಮಾರಿದವರು ಯಾರು ಎಂದು ನಾನು ಎಂದೂ ವಿಚಾರಿಸಲಿಲ್ಲ. ಒಮ್ಮೆ ಏರಿಕೆ ನಿಂತಂತೆ ಕಂಡಾಗ, ನನ್ನ ಗೊಂಬೆಯನ್ನು ಒಬ್ಬರು ನಾಲ್ಕರಷ್ಟು ಬೆಲೆಗೆ ಕೇಳಿದ್ದಾರೆ, ನಾನು ಕೊಡಲಿಲ್ಲ ಎಂದು ಬರೆದೆ. ಯಾರೂ ಕೇಳಿರಲಿಲ್ಲ. ಮರುದಿನದಿಂದ ಎಲ್ಲರೂ ಆ ನಾಲ್ಕರಷ್ಟನ್ನೇ ಬೆಲೆ ಎಂದು ಹೇಳತೊಡಗಿದರು. ಆಶ್ಚರ್ಯವೆಂದರೆ, ಕೆಲವು ದಿನಗಳಲ್ಲಿ ನಾನೂ ಅದನ್ನು ನಂಬಿದೆ.

ಆಮೇಲೆ ಕಂಪನಿಯವರು ಅದೇ ಗೊಂಬೆಯನ್ನು ಮತ್ತೆ, ಈ ಸಲ ಬೇಕಾದಷ್ಟು, ಮಾಡಿ ಮಾರುಕಟ್ಟೆಗೆ ಬಿಟ್ಟರು. ಕೊಂಡ ಬೆಲೆಗೂ ಕೇಳುವವರಿಲ್ಲದಂತಾಯಿತು. ಗುಂಪಿನವರು ಬೇರೊಂದು ಗೊಂಬೆಯ ಮಾತಿಗೆ ಹೊರಟುಹೋದರು. ಇದನ್ನು ಮನೆಯಲ್ಲಿ ಹೇಳಲು ನನಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಧೈರ್ಯ ಬರಲಿಲ್ಲ. ಹೋದಾಗಲೆಲ್ಲ ಅವಳು, "ಈಗೆಷ್ಟಾಗಿದೆ ಅತ್ತೆ?" ಎನ್ನುತ್ತಿದ್ದಳು. "ಇದೆಯಮ್ಮ, ಚೆನ್ನಾಗೇ ಇದೆ," ಎನ್ನುತ್ತಿದ್ದೆ.

ಕಳೆದ ತಿಂಗಳು ಹೇಳಿಬಿಟ್ಟೆ. ಅಣ್ಣ, "ಹೋಗ್ಲಿ ಬಿಡಮ್ಮ, ಗೊಂಬೆ ತಾನೆ," ಎಂದರು. "ಅಯ್ಯೋ, ಫೀಸಿನ ದುಡ್ಡು ಅಂತ ಶುಕ್ರವಾರ ಶುಕ್ರವಾರ ಅದಕ್ಕೂ ಊದಿನಕಡ್ಡಿ ತೋರಿಸ್ತಿದ್ನಲ್ಲಾ!" ಎಂದು ಅತ್ತಿಗೆ ನಗಾಡಿದರು. ಅಣ್ಣನ ಮಗಳು ಒಮ್ಮೆ ಶೋಕೇಸಿನ ಕಡೆ ನೋಡಿದಳು. ಈಗ ಎಂಟನೆಯ ತರಗತಿ. ನನ್ನ ಭುಜದೆತ್ತರ ಬೆಳೆದಿದ್ದಾಳೆ.

"ಬಿಚ್ಚಮ್ಮ. ಇವತ್ತು ಬಿಚ್ಚಿಬಿಡು," ಎಂದೆ. ನನ್ನ ದನಿ ಬೇಡಿಕೊಳ್ಳುವಂತಿತ್ತು.

ಅವಳು ಕತ್ತರಿ ತಂದು ಅಂಟುಪಟ್ಟಿಯನ್ನು ಅಂಚಿನಗುಂಟ, ಡಬ್ಬಿ ಹರಿಯದಂತೆ ಕತ್ತರಿಸಿದಳು. ಅಷ್ಟು ವರ್ಷ ಗಾಳಿಯಾಡದೆ ಗೊಂಬೆಯ ಮೈಯೆಲ್ಲ ಅಂಟಂಟಾಗಿತ್ತು. ಬಚ್ಚಲಿಗೆ ಒಯ್ದು ಸೋಪಿನ ನೀರಿನಲ್ಲಿ ತೊಳೆದು, ತನ್ನ ಟವೆಲಿನಿಂದಲೇ ಒರೆಸಿ ತಂದಳು. ನನ್ನೆದುರು ಕುಳಿತು ಅದರ ಕತ್ತಿ ಹಿಡಿದ ಕೈಯನ್ನು ಮೇಲಕ್ಕೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಹಟ ಹಿಡಿದ ಚಿಕ್ಕ ಮಗುವನ್ನು ಸಮಾಧಾನಪಡಿಸಲು ದೊಡ್ಡವರು ಆಡುತ್ತಾರಲ್ಲ, ಹಾಗೆ. ಅವಳ ಕಣ್ಣು ಗೊಂಬೆಯ ಮೇಲಿರಲಿಲ್ಲ. ನನ್ನ ಮುಖದ ಮೇಲಿತ್ತು.

"ಸಾಕಾ ಅತ್ತೆ?" ಎಂದು ಕೇಳಿದಳು.

ಸಾಕು ಎಂದೆ. ಅವಳು ಗೊಂಬೆಯನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ, ಹೋಮ್‌ವರ್ಕ್ ಮಾಡಲು ಎದ್ದುಹೋದಳು.