ಎಡಕ್ಕೆ ಬಿದ್ದ ಹೂವು

ದೇವರು ಹೂ ಕೊಡುತ್ತಾನೆ ಎಂಬುದನ್ನು ನಾನು ಯಾವತ್ತೂ ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಮಧುಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವನು ನಾನು. ಎಸೆದ ಕಲ್ಲು ಎಲ್ಲಿ ಬೀಳಬೇಕೆಂಬುದು ಕೈಬಿಟ್ಟ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ, ಮನುಷ್ಯನ ಕಥೆಯೂ ಅಷ್ಟೇ, ನಮ್ಮಿಷ್ಟ ಅನ್ನುವುದೆಲ್ಲ ಬರೀ ಭ್ರಮೆ ಎಂದು ಹುಡುಗರ ಮುಂದೆ ಜೋರಾಗಿ ಹೇಳುತ್ತಿದ್ದೆ. ಹೇಳಿ ಮನೆಗೆ ಬಂದರೆ ಮಾತಾಡಿಸುವವರು ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನಿಗೇ ಅನ್ನ ಮಾಡಿಕೊಂಡು, ಟಿವಿ ಹಾಕಿಕೊಂಡು ಉಣ್ಣುತ್ತಿದ್ದೆ. ನೋಡುವುದಕ್ಕಲ್ಲ, ಮನೆಯಲ್ಲಿ ಒಂದು ದನಿ ಇರಲಿ ಅಂತ.

ಪಾವಗಡದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಸರೋಜಳ ಪರಿಚಯವಾದದ್ದು ಆ ಕಾಲದಲ್ಲಿ. ಅವಳೂ ಗಂಡನನ್ನು ಕಳೆದುಕೊಂಡವಳು. ಮದುವೆಯಾಗೋಣ ಎಂದು ಬಾಯಿಬಿಟ್ಟು ಕೇಳಿದ್ದು ಅವಳೇ. ನಾನು ಇವತ್ತು, ನಾಳೆ ಎಂದು ತಳ್ಳುತ್ತಲೇ ಇದ್ದೆ. ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಸಾಯಂಕಾಲದೊಳಗೆ ಬಂದ್ರೆ ಬನ್ನಿ ಮೇಷ್ಟ್ರೇ. ಬರ್ದೇ ಹೋದ್ರೆ ಅಂಗಡಿ ಖಾಲಿ ಮಾಡಿ ತಮ್ಮನ ಜೊತೆ ಅನಂತಪುರಕ್ಕೆ ಹೊರಟುಬಿಡ್ತೀನಿ."

ಆ ದಿನ ನಾನು ಐ.ಡಿ.ಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಯಾರಿಗೂ ವಿಷಯ ಹೇಳದೆ, ನಾಚಿಕೆ ಬಿಟ್ಟು, ಊರಾಚೆಯ ವೀರಭದ್ರನ ಗುಡಿಗೆ ಹೋದೆ. ಅಲ್ಲಿ ಒದ್ದೆ ಹೂವಿನ ಎಸಳನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಆಗುವುದಿಲ್ಲ. ಬಹಳ ಹೊತ್ತು ಕೂತೆ. ಎಸಳು ಅಲುಗಲಿಲ್ಲ. ನೀರು ಆರಿದರೆ ತಾನಾಗಿ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಬೇಸತ್ತು ಸರೋಜಳ ಮುಖ ನೆನೆಸಿಕೊಂಡೆ, ಅಷ್ಟೇ, ನನ್ನ ಎಡಗಡೆಯ ಎಸಳು ಟಪ್ಪನೆ ಉದುರಿತು.

ಸರಿ, ಆಗುವುದಿಲ್ಲ ಎಂದಾಯಿತು. ಪೂಜಾರಪ್ಪ ದೀಪಕ್ಕೆ ಎಣ್ಣೆ ಬಿಡುತ್ತಾ, "ಆಯ್ತಲ್ಲ, ಎದ್ದೇಳಿ ಸ್ವಾಮಿ. ಪಾವಗಡದ ಬಸ್ ಬರೋ ಹೊತ್ತಾಯ್ತು" ಅಂದ. ಪಾವಗಡದ ಮಾತನ್ನು ನಾನು ಯಾರ ಹತ್ತಿರವೂ ಎತ್ತಿರಲಿಲ್ಲ.

ರಸ್ತೆಗೆ ಬಂದು ನಿಂತೆ. ಮಧುಗಿರಿಯ ಬಸ್ಸು ಮೊದಲು ಬಂತು. ಹತ್ತಲಿಲ್ಲ. ಹೂವಿನ ಮನೆ ಹಾಳಾಗಲಿ, ಇದೊಂದನ್ನು ನಾನೇ ಮಾಡುತ್ತೇನೆ ಅನ್ನಿಸಿತು. ಹಾಗೆ ಅನ್ನಿಸಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

"ದೇವರು ಬೇಡ ಅಂದ. ನಾನು ಬಂದುಬಿಟ್ಟೆ" ಎಂದು ಅಂಗಡಿ ಬಾಗಿಲಲ್ಲಿ ನಿಂತು ಹೇಳಿದಾಗ ಸರೋಜ ಕತ್ತರಿ ಕೆಳಗಿಟ್ಟು ನಗಲು ಶುರುಮಾಡಿದಳು. ಆಮೇಲೆ ಮದುವೆಯಾಗಿ ಒಟ್ಟಿಗಿದ್ದಷ್ಟು ವರ್ಷವೂ ಅದೇ ಗೇಲಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ, ತನ್ನ ಕಡೆಯ ತೆಲುಗು ಬೆರೆಸಿ, "ಏಮಂಡಿ, ದೇವರ ಮಾತೇ ಮೀರಿದವರು ನೀವು. ಚೂರು ಉಪ್ಪಿಗೆ ಹೆದರ್ತೀರಾ? ಸುಮ್ನೆ ಊಟ ಮಾಡಿ" ಅನ್ನುವಳು. ಹೇಳಿಬಿಡುತ್ತೇನೆ, ನಾನು ತುಂಬಾ ಸುಖವಾಗಿದ್ದೆ.

ಹೋದ ವರ್ಷ ಸರೋಜ ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಸಂಜೆ ಅಕ್ಕನ ಮುಂದೆ ಅಳುತ್ತಾ, ಮೊದಲ ಸಲ ಈ ಹೂವಿನ ಕಥೆ ಹೇಳಿದೆ. ದೇವರ ಮಾತು ಮೀರಿದ್ದಕ್ಕೇ ಅವಳು ಹೋದಳೇನೋ ಅಂದೆ. ಅಕ್ಕ ಹಣೆ ಚಚ್ಚಿಕೊಂಡಳು.

"ಬಲ ಅಂದ್ರೆ ನಿನ್ ಬಲ ಅಲ್ಲ ಕಣ್ಲಾ, ದ್ಯಾವ್ರ ಬಲ! ಎದ್ರಿಗೆ ನಿಂತಿರೋನಿಗೆ ನಿನ್ ಎಡಗಡೆಯೇ ಬಲಗಡೆ ಅಲ್ವಾ? ಹೋಗು ಅಂತ್ಲೇ ಕೊಟ್ಟವ್ನೆ. ಇಷ್ಟೂ ತಿಳೀಲಿಲ್ವಲ್ಲೋ ನಿಂಗೆ!"

ಅಂದರೆ, ನನ್ನಿಷ್ಟದಿಂದ ಮಾಡಿದೆನೆಂದು ಬೀಗುತ್ತಿದ್ದ ಒಂದೇ ಒಂದು ಕೆಲಸವೂ ಮೊದಲೇ ತೀರ್ಮಾನವಾಗಿತ್ತೇ? ಎದುರು ಬಿದ್ದಾದರೂ ಇವನು ಹೋಗುತ್ತಾನೆಂದು ಗುಡಿಯ ಆ ಕಲ್ಲಿಗೆ ಗೊತ್ತಿತ್ತೇ? ಪೂಜಾರಪ್ಪನನ್ನು ಕೇಳೋಣವೆಂದರೆ ಅವನೂ ಈಗಿಲ್ಲ. ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ. ಹೋಗಲಿ ಬಿಡಿ, ಯಾರು ಕಳಿಸಿದರೇನು, ಆ ಬಸ್ಸು ಹತ್ತಿದ್ದು ನಿಜ, ಆ ಸುಖವೂ ನಿಜ.

ಈಗ ಮತ್ತೆ ಟಿವಿ ಹಾಕಿಕೊಂಡೇ ಉಣ್ಣುತ್ತೇನೆ. ಈ ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಗಬೇಕಾದವಳಿಗೆ ಹೇಳಲಿಕ್ಕೆ ಆಗಲಿಲ್ಲವಲ್ಲ, ಅದೊಂದನ್ನು ಮಾತ್ರ ತಡೆಯಲಾಗುತ್ತಿಲ್ಲ.