ಒಳಗೆ ಹೋದ ಮೀನು

ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಗೆರೆ ಅಕ್ಕ ಎನ್ನುತ್ತಾರೆ. ಐವತ್ತೆಂಟರ ಹೆಂಗಸು, ಕಡ್ಡಿಯಂಥ ಮೈ. ಇಪ್ಪತ್ತು ವರ್ಷ ಅಂಗಿಗಳಿಗೆ ಕಾಜಾ ಹೊಲಿದು, ಆ ಕೆಲಸ ಯಂತ್ರದ ಪಾಲಾದ ಮೇಲೆ ನಮ್ಮಲ್ಲಿಗೆ ಬಂದವರು.

ನಾವು ಮಾಡುವುದು ಅಂಗಡಿಗಳ ಮುಂದೆ ನಿಲ್ಲಿಸುವ, ಟಿವಿಯಂಥ ಪರದೆಗಳನ್ನು. ತ್ರೀಡಿ ಕನ್ನಡಕ ಹಾಕದೆ ನೋಡಿದರೂ ಅವುಗಳೊಳಗೆ ಓಡಾಡುವ ಚಿತ್ರ ಎದ್ದು ಹೊರಗೆ ಬಂದಂತೆ ಕಾಣಬೇಕು. ಗುಟ್ಟೆಲ್ಲ ಮೇಲೆ ಅಂಟಿಸುವ ಪಾರದರ್ಶಕ ಹಾಳೆಯಲ್ಲಿದೆ. ಅದರ ತುಂಬ ಕೂದಲೆಳೆಯಂಥ ಉಬ್ಬುಗೆರೆಗಳು. ಅವು ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೊಂದು ಚಿತ್ರ ಹಂಚುತ್ತವೆ. ಹಾಳೆ ಒಂದೆಳೆ ಸರಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಮುಂದಿರಬೇಕಾದ್ದು ಹಿಂದೆ ಹೋಗಿ ಕೂರುತ್ತದೆ.

ಹಾಳೆ ಕೂರಿಸುವಾಗ ಅಕ್ಕ ಹೆಗಲ ಮೇಲೆ ಒದ್ದೆ ಟವೆಲು ಹೊದೆಯುತ್ತಿದ್ದರು, ಬಟ್ಟೆಯ ನೂಲು ಹಾರಬಾರದೆಂದು. ಫ್ಯಾನ್ ನಿಲ್ಲಿಸಿ, “ಎಲ್ರೂ ಉಸಿರು ಹಿಡೀರಿ” ಎನ್ನುತ್ತಿದ್ದರು. ಪ್ಯಾಕಿಂಗ್ ಮಾಡುವ ಡಬ್ಬಿ ಮಾವ, “ಬೇಗ ಮುಗಿಸಮ್ಮ, ಇನ್ನೊಂದ್ ನಿಮಿಷ ಆದ್ರೆ ನನ್ನೂ ಡಬ್ಬಿಗೆ ತುಂಬಬೇಕಾಗುತ್ತೆ” ಎನ್ನುತ್ತಿದ್ದ.

ಅಕ್ಕ ಅಂಟಿಸಿದ್ದನ್ನು ನೋಡಿ ಪಾಸು ಮಾಡುವ ಮೇಸ್ತ್ರಿ ನಾನು. ಎಂಟು ವರ್ಷದ ಹಿಂದೆ ಬೆಸುಗೆ ಹಾಕುವಾಗ ಸಿಡಿದ ಹನಿಯೊಂದು ನನ್ನ ಎಡಗಣ್ಣನ್ನು ತಿಂದಿತು. ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಒಂದೇ ಕಣ್ಣಿರುವವನಿಗೆ ಯಾವ ಪರದೆಯೂ ಎದ್ದು ಬರುವುದಿಲ್ಲ. ತಲೆಯನ್ನು ಆಚೀಚೆ ಆಡಿಸುತ್ತಿದ್ದೆ, ಚಿತ್ರ ಬದಲಾದರೆ “ಹ್ಞೂಂ, ಬಂತು” ಎನ್ನುತ್ತಿದ್ದೆ. ಅಕ್ಕನ ಕೈ ತಪ್ಪುತ್ತಿರಲಿಲ್ಲ, ನನ್ನ ಸುಳ್ಳೂ ನಡೆಯುತ್ತಿತ್ತು.

ಆವತ್ತು ಆಟದ ಸಾಮಾನಿನ ಅಂಗಡಿಯೊಂದಕ್ಕೆ ಮೀನಿನ ಪರದೆ ಹೋಗಬೇಕಿತ್ತು. ಗಾಡಿ ಬಾಗಿಲಲ್ಲೇ ನಿಂತಿತ್ತು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

“ಮೇಸ್ತ್ರಿ, ಒಂದೆಳೆ ಸರಿದಿದೆ. ಮೀನು ಒಳಗೆ ಹೋಗ್ತಿದೆ, ಹಿಂದಿನ ಗಿಡ ಮುಂದೆ ಬರ್ತಿದೆ. ಕಿತ್ತು ಮತ್ತೆ ಕೂರಿಸ್ತೀನಿ, ಅರ್ಧ ಗಂಟೆ ಕೊಡಿ.”

ನಾನು ನೋಡಿದೆ. ಮೀನು ಮೀನಿನ ಹಾಗೇ ಇತ್ತು. ನನಗೆ ಪಿತ್ತ ನೆತ್ತಿಗೇರಿತು.

“ನಂಗೇನು ಕಣ್ಣಿಲ್ವಾ? ಕಾಜಾ ಹೊಲಿಯೋಳು ನಂಗೆ ಪಾಠ ಹೇಳ್ತೀಯಾ? ಲೋಡ್ ಮಾಡ್ರೋ!”

ಮರುದಿನ ಮಧ್ಯಾಹ್ನ ಪರದೆ ವಾಪಸು ಬಂತು, ಹಿಂದೆಯೇ ಯಜಮಾನರೂ ಬಂದರು.

“ಮೀನಿನ ಹೊಟ್ಟೆ ಬಟ್ಟಲಿನ ಹಾಗೆ ಕುಳಿ ಬಿದ್ದಿದೆ. ನೋಡಿದೋರಿಗೆಲ್ಲ ತಲೆನೋವಂತೆ. ಯಾರ ಕೆಲಸ ಇದು?”

“ಅಂಟಿಸಿದ್ದು ಅವಳು ಸಾರ್,” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಎಷ್ಟು ಹೇಳಿದ್ರೂ ಕೇಳೋಲ್ಲ.”

ಹಿಂದಿನ ದಿನದ ಮಾತು ಕೇಳಿಸಿಕೊಂಡಿದ್ದವರೆಲ್ಲ ನನ್ನ ಬಾಯಿಗೆ ಹೆದರಿ ತಲೆ ತಗ್ಗಿಸಿದರು. ಡಬ್ಬಿ ಮಾವ ಕೂಡ. “ನಾಳೆಯಿಂದ ಬರೋದು ಬೇಡಮ್ಮ” ಎಂದರು ಯಜಮಾನರು. ಅಕ್ಕ ಒಮ್ಮೆ ನನ್ನತ್ತ ನೋಡಿದರು. ಟವೆಲನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೋದರು.

ಆ ಟವೆಲನ್ನು ಯಾರೂ ಎತ್ತಿಡಲಿಲ್ಲ. ಮೂರು ದಿನ ಅಲ್ಲೇ ಒಣಗಿತು. ಅದರ ಪಕ್ಕದಲ್ಲಿ ಕೂತು ನನಗೆ ಊಟ ಇಳಿಯಲಿಲ್ಲ. ನಾಲ್ಕನೇ ದಿನ ಅಕ್ಕನ ಮನೆಗೆ ಹೋದೆ. ಒಂದೇ ಕೋಣೆ, ಕಿಟಕಿಗೆ ತಾಗಿದಂತೆ ಹೊಲಿಗೆ ಮೆಷಿನ್ನು. ಬಾಗಿಲಲ್ಲಿ ನನ್ನನ್ನು ಕಂಡು ಬಯ್ಯಲಿಲ್ಲ. ಚಹಾ ಮಾಡಿದರು. ಎದುರಿಗೇ ಸ್ಟೂಲು ಇತ್ತು, ಆದರೂ ಲೋಟವನ್ನು ಅದರ ಮೇಲಿಡದೆ ನನ್ನ ಬಲಗೈಗೇ ಕೊಟ್ಟರು. ಕಾರ್ಖಾನೆಯಲ್ಲೂ ಅವರು ಕೊಡುತ್ತಿದ್ದುದು ಹೀಗೇ. ಆಗಲೇ ನನಗೆ ಹೊಳೆದದ್ದು.

“ಅಕ್ಕಾ, ನಿಮಗೆ ಗೊತ್ತಿತ್ತಾ?”

“ಐದು ವರ್ಷದಿಂದ ಕೈಗೇ ಕೊಡ್ತಿದೀನಿ. ಕೆಳಗಿಟ್ರೆ ಲೋಟದ ಅಂದಾಜು ಸಿಗದೆ ಗಾಳಿ ಹಿಡಿಯೋಕೆ ಹೋಗ್ತೀರಲ್ಲ.”

“ಮತ್ತೆ ಯಜಮಾನರಿಗೆ ಯಾಕೆ ಹೇಳ್ಲಿಲ್ಲ?”

“ನಿಮ್ಮ ಕಣ್ಣಿನ ವಿಷಯ, ನಾನ್ಯಾಕೆ ಹೇಳ್ಲಿ? ಹಾಳೆ ವಿಷಯ ನಿಮಗೆ ಹೇಳಿದ್ನಲ್ಲ. ಅದನ್ನ ನೀವು ಹೇಳ್ತೀರಿ ಅಂತ ನಿಂತಿದ್ದೆ.”

ಲೋಟವನ್ನು ಸ್ಟೂಲಿನ ಮೇಲಿಟ್ಟೆ. ಕಾಲು ಹಿಡಿಯಲು ಬಾಗಿದೆ. ಅವರು ಹಿಂದೆ ಸರಿದರು.

“ಇಲ್ಲಿ ಬೇಡ ಮೇಸ್ತ್ರಿ. ಆ ಸುಳ್ಳು ಎಲ್ಲಿ ಅಂದ್ರೋ ಅಲ್ಲೇ ಹೇಳಿ.”

ಮರುದಿನ ಬೆಳಿಗ್ಗೆ ಎಲ್ಲರೂ ಇದ್ದಾಗ ಯಜಮಾನರ ಮುಂದೆ ನಿಂತೆ. ಕಿರುಚುವಾಗ ಅಷ್ಟು ಸಲೀಸಾಗಿ ಬರುವ ದನಿ ಆಗ ಬರಲಿಲ್ಲ. ಎರಡು ಸಲ ಹೇಳಬೇಕಾಯಿತು: ಕಣ್ಣಿನ ವಿಷಯ, ಅಕ್ಕ ಎಚ್ಚರಿಸಿದ ವಿಷಯ, ನಾನು ಹೇಳಿದ ಸುಳ್ಳು. ಯಜಮಾನರು, “ಹೋಗಿ ಕರ್ಕೊಂಡು ಬಾ” ಎಂದರಷ್ಟೆ.

ಈಗ ಪಾಸು ಮಾಡುವವರು ಅಕ್ಕ. ನಾನು ಹಾಳೆಯ ಇನ್ನೊಂದು ತುದಿ ಹಿಡಿಯುತ್ತೇನೆ. ಅವರು ಮರಳಿ ಬಂದ ಮೊದಲ ದಿನ ಆ ಮೀನಿನ ಹಾಳೆಯನ್ನೇ ಕಿತ್ತು ಕೂರಿಸಿದೆವು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು, “ಬಂತು ನೋಡಿ, ನಿಮ್ಮ ಮೂಗಿನ ಹತ್ರಾನೇ ಇದೆ” ಎಂದರು.

ನನಗೆ ಎಂದಿನಂತೆ ಚಪ್ಪಟೆ ಮೀನು. “ನಂಗೆ ಕಾಣ್ತಿಲ್ಲ ಅಕ್ಕಾ” ಎಂದೆ, ಎಲ್ಲರಿಗೂ ಕೇಳಿಸುವಂತೆ. ಪರದೆಯ ಮುಂದೆ ನಿಂತು ಹಾಗೆ ಹೇಳಿದ್ದು ಎಂಟು ವರ್ಷದಲ್ಲಿ ಅದೇ ಮೊದಲ ಸಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಚಹಾ ಬಂತು. ಅಕ್ಕ ಲೋಟವನ್ನು ನನ್ನ ಕೈಗೇ ಕೊಟ್ಟರು. ತಲೆಯೆತ್ತದೆ ತೆಗೆದುಕೊಂಡೆ.