ಮೂರನೆಯ ಭಾಗದಲ್ಲಿ ನಮ್ಮ ಓಣಿ ಇರಲಿಲ್ಲ

ಹದಿನೆಂಟು ತುಂಬುವ ಹೊತ್ತಿಗೆ ನಾನು ಯಾವುದನ್ನೂ ಸುಮ್ಮನೆ ಒಪ್ಪುವವನಾಗಿರಲಿಲ್ಲ. ಪಂಚಾಂಗ ತೆಗೆದವರಿಗೆ ಪುರಾವೆ ಕೇಳುತ್ತಿದ್ದೆ. ಪತ್ರಿಕೆಯ ಸಂಪಾದಕೀಯದಲ್ಲಿ ತಪ್ಪು ಹುಡುಕುತ್ತಿದ್ದೆ. ತರಗತಿಯಲ್ಲಿ ಯಾರಾದರೂ "ಎಲ್ಲರಿಗೂ ಗೊತ್ತಿರುವಂತೆ" ಎಂದು ಮಾತು ಶುರು ಮಾಡಿದರೆ, ಎಲ್ಲರೂ ಅಂದರೆ ಯಾರು ಎಂದು ಎದ್ದು ನಿಲ್ಲುತ್ತಿದ್ದೆ. ಅಂಥ ನಾನು ಒಂದೇ ಒಂದನ್ನು ಕಣ್ಣು ಮುಚ್ಚಿ ನಂಬಿದ್ದೆ. ಅದು ಕಂಪ್ಯೂಟರಿನಲ್ಲಿ ಬಂದೂಕು ಹಿಡಿದು ಓಡುವ ಒಂದು ಆಟ. ಅದರ ಎರಡು ಭಾಗ ಬಂದಿದ್ದವು, ಮೂರನೆಯದು ಬರುವುದಿತ್ತು.

ಮನೆ ಇಳಕಲ್ಲಿನಲ್ಲಿ, ಕಾಲೇಜು ಬಾಗಲಕೋಟೆಯಲ್ಲಿ. ನವನಗರದಲ್ಲಿ ಒಂದು ಕೋಣೆ ಹಿಡಿದು ಬಾದಾಮಿಯ ಗೆಳೆಯನೊಬ್ಬನ ಜೊತೆ ಇದ್ದೆ. ಅವನು ನನ್ನ ಚರ್ಚಾ ಸ್ಪರ್ಧೆಯ ಜೋಡಿದಾರನೂ ಹೌದು. ನಮ್ಮ ಕಡೆಯ ಸ್ಪರ್ಧೆಗಳ ಪದ್ಧತಿ ಹೀಗೆ: ಒಂದು ಕಾಲೇಜಿನಿಂದ ಇಬ್ಬರು, ಒಬ್ಬ ವಿಷಯದ ಪರ, ಇನ್ನೊಬ್ಬ ವಿರೋಧ. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದು ಹಾಕಬೇಕು, ಆದರೆ ಇಬ್ಬರ ಅಂಕ ಕೂಡಿಸಿ ಫಲಕ ಕೊಡುತ್ತಾರೆ. ಹಾಗಾಗಿ ಬಸ್ಸಿನಲ್ಲಿ ಹೋಗುವಾಗ ಅವನ ವಾದ ನಾನು ಬರೆಯುತ್ತಿದ್ದೆ, ನನ್ನದನ್ನು ಅವನು ತಿದ್ದುತ್ತಿದ್ದ. ಅವನು ನನ್ನನ್ನು ಎಲ್ಲಿ ಹಿಡಿಯುತ್ತಾನೆ ಎಂಬುದು ನನಗೆ ಮೊದಲೇ ಗೊತ್ತಿರುತ್ತಿತ್ತು. ಜಗಳವಾಡುತ್ತಲೇ ಒಂದೇ ಕಡೆ ಇರಬಹುದು ಎಂದು ನಾನು ತಿಳಿದದ್ದು ಹೀಗೆ.

ಕಾಲೇಜು ಬಿಟ್ಟ ಮೇಲೆ ಇಬ್ಬರೂ ಹೋಗುತ್ತಿದ್ದದ್ದು ನಮ್ಮ ಸೆಕ್ಟರಿನ ಕಂಪ್ಯೂಟರ್ ಸೆಂಟರಿಗೆ. ಮುಂದೆ ಝರಾಕ್ಸು, ಟೈಪಿಂಗು. ಹಿಂದಿನ ಕೋಣೆಯಲ್ಲಿ ವೈರಿನಿಂದ ಒಂದಕ್ಕೊಂದು ಜೋಡಿಸಿದ ಆರು ಯಂತ್ರ. ಅದನ್ನು ನಡೆಸುತ್ತಿದ್ದವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಹಳೆ ಊರಿನಲ್ಲಿ ಅವರಿಗೆ ಪಾಟಿ, ಪುಸ್ತಕದ ಅಂಗಡಿ ಇತ್ತು. ಅಣೆಕಟ್ಟಿನ ಹಿನ್ನೀರಿಗೆ ಓಣಿ ಮುಳುಗಡೆಯಾದಾಗ ಅವರು ಅಂಗಡಿಯ ಬಾಗಿಲು ಬಿಚ್ಚಿಕೊಂಡು ಬಂದರು. ಬಾಗಿಲೆಂದರೆ ಹನ್ನೊಂದು ಉದ್ದ ಹಲಗೆ. ಒಂದೊಂದರ ಮೇಲೂ ಕನ್ನಡ ಅಂಕಿ ಬರೆದಿತ್ತು. ಸಾಲಾಗಿ ತೋಡಿನಲ್ಲಿ ಇಳಿಸುತ್ತ ಹೋದರೆ ಅಂಗಡಿ ಮುಚ್ಚುತ್ತದೆ. ಸೆಕ್ಟರಿನ ತುಂಬ ಎಲ್ಲರಿಗೂ ತಗಡಿನ ಶಟರು, ಇವರಿಗೊಬ್ಬರಿಗೇ ಹಲಗೆ.

ಆ ಆಟವನ್ನು ಯಾಕೆ ನಂಬಿದೆ ಎಂದರೆ, ಅದು ಮಾತು ಉಳಿಸಿಕೊಂಡಿತ್ತು. ಮೊದಲ ಭಾಗದಲ್ಲಿ ಗುಂಡು ತಗುಲಿದರೆ ಕುಂಟುತ್ತ ಹೋಗಿ ಔಷಧಿ ಪೆಟ್ಟಿಗೆ ಹುಡುಕಬೇಕಿತ್ತು. ಎರಡನೆಯದರಲ್ಲಿ ಅದೂ ಉಳಿಯಿತು, ಮೇಲೆ ಇನ್ನೊಂದು ಬಂತು: ಕಂಡ ಬಾಗಿಲನ್ನೆಲ್ಲ ತೆರೆಯಬಹುದು, ಒಳಗೆ ಹೋಗಿ ಮುಚ್ಚಿಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಆಡುವ ಜಾಗವನ್ನು ನಾವೇ ಕಟ್ಟುವ ಸಲಕರಣೆ ಅದೇ ಸಿಡಿಯಲ್ಲಿತ್ತು.

ನಾನು ಇದನ್ನು ಅವ್ವನ ಮಗ್ಗದ ಲೆಕ್ಕದಲ್ಲಿ ವಾದಿಸುತ್ತಿದ್ದೆ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ, ಪ್ರತಿ ಸೀರೆಗೂ ಹೊಸದಾಗಿ. ಯಂತ್ರದ ನಕಲಿನಲ್ಲಿ ಅದೇ ಬಣ್ಣ, ಅದೇ ಅಂಚು ಇರುತ್ತದೆ, ಕೊಂಡಿ ಇರುವುದಿಲ್ಲ. ಅವ್ವ ಸೆರಗು ಶುರುವಾಗುವಲ್ಲಿ ಬೆರಳಾಡಿಸಿ ಹೇಳಿಬಿಡುತ್ತಾಳೆ. ಎರಡನೆಯ ಭಾಗದಲ್ಲಿ ಕೊಂಡಿ ಇದೆ, ಎದುರಾಳಿ ಕಂಪನಿಯ ಆಟದಲ್ಲಿ ಇಲ್ಲ ಎಂಬುದು ನನ್ನ ವಾದ.

"ಲೇ, ಎಲ್ಲಾದಕ್ಕೂ ನಿಮ್ಮವ್ವನ ಸೀರಿ ತರ್ತೀಯಲ್ಲ," ಎನ್ನುತ್ತಿದ್ದ ಗೆಳೆಯ. "ನಾಳೆ ಅಣುಬಾಂಬಿನ ಬಗ್ಗೆ ವಿಷಯ ಕೊಟ್ರೂ ಸೆರಗಿನಿಂದನ ಶುರು ಮಾಡ್ತಿ ನೀ."

ಆದರೆ ಕಾಕಾನ ಓಣಿಯನ್ನು ಕಟ್ಟೋಣ ಎಂದು ಮೊದಲು ಹೇಳಿದವನು ಅವನೇ. ಅದನ್ನು ನಾನು ಮುಚ್ಚಿಡುವುದಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಇಬ್ಬರೂ ಹೋಗಿ ನೋಡಿದೆವು. ಒಣಗಿ ಬಿರಿದ ಕೆಸರಿನ ನಡುವೆ ಬುನಾದಿಯ ಕಲ್ಲುಗಳು, ಮೆಟ್ಟಿಲು ಎರಡು, ಒಂದು ಒರಳು. ಅವನು ಹೆಜ್ಜೆ ಎಣಿಸುತ್ತ ನಡೆದ, ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಉಳಿದದ್ದೆಲ್ಲ ಕಾಕಾನ ನೆನಪು. ಮೂರು ತಿಂಗಳು ದಿನಾ ಸಂಜೆ ನಾವು ಗೋಡೆ ಎಬ್ಬಿಸುವುದು, ಅವರು ಬೆನ್ನ ಹಿಂದೆ ನಿಂತು ಕೆಡವಿಸುವುದು.

"ಗಿರಣಿ ಬಾಗಲಾ ಎಡಕ್ಕಲ್ಲ ತಮ್ಮಾ, ಬಲಕ್ಕ. ಹಿಟ್ಟಿನ ಡಬ್ಬಿ ಹಿಡಕೊಂಡು ಹೊಳ್ಳೂವಾಗ ಈ ಬಲಗೈ ಮೊಣಕೈಗೇ ಬಡೀತಿತ್ತು."

"ಕಾಕಾ, ಇದು ಗುಂಡು ಹಾರಿಸೂ ಆಟ ಐತ್ರಿ. ಮೊಣಕೈ ಬಡದ್ರ ಯಾರೂ ಸಾಯಾಂಗಿಲ್ಲ," ಎಂದ ಗೆಳೆಯ.

"ಆದ್ರೂ ಬಲಕ್ಕ ಇರಲಿ."

ಬಲಕ್ಕೆ ಹಾಕಿದೆವು. ಹನ್ನೊಂದು ಹಲಗೆಗಳನ್ನೂ ಒಂದೊಂದಾಗಿ ನೋಡಿ ಪರದೆಯ ಮೇಲೆ ಬಿಡಿಸಿದವನು ನಾನು. ಏಳನೆಯದರಲ್ಲಿ ಕಣ್ಣಿನಂಥ ಒಂದು ಗಂಟಿತ್ತು, ಅದನ್ನೂ ಬಿಡಲಿಲ್ಲ. ಅಂಗಡಿಯ ಮೇಲಿನ ಅಟ್ಟಕ್ಕೆ ಹತ್ತಿ ಇಡೀ ಓಣಿಗೆ ಗುರಿ ಇಡುವ ಉಪಾಯವೂ ನನ್ನದು. ನನ್ನದು ಎಂದೇ ಎಲ್ಲರಿಗೂ ಹೇಳಿದ್ದೆ.

ಮಳೆಗಾಲದ ಹೊತ್ತಿಗೆ ಆರೂ ಯಂತ್ರದಲ್ಲಿ ಹುಡುಗರು ನಮ್ಮ ಓಣಿಯಲ್ಲೇ ಹೊಡೆದಾಡುತ್ತಿದ್ದರು. "ಗಿರಣ್ಯಾಗ ಅದಾನಲೇ, ಹಿತ್ತಲಾಗಿಂದ ಬಾ" ಎಂಬ ಕೂಗು ಝರಾಕ್ಸಿಗೆ ಬಂದವರಿಗೂ ಕೇಳುತ್ತಿತ್ತು. ಒಂದು ದಿನ ಜಾತಿ ಪ್ರಮಾಣಪತ್ರದ ನಕಲು ತೆಗೆಸಲು ಬಂದ ಹಿರಿಯರೊಬ್ಬರು ಆ ಕೂಗು ಕೇಳಿ ಹಿಂದಿನ ಕೋಣೆಗೆ ಇಣುಕಿದರು. ಬಹಳ ಹೊತ್ತು ಪರದೆಯನ್ನೇ ನೋಡಿ ಕಾಕಾನತ್ತ ತಿರುಗಿದರು. "ಇದು ನಮ್ಮ ಓಣಿ ಅಲ್ಲೇನ್ರಿ?" ಕಾಕಾ ಬರೀ ತಲೆಯಾಡಿಸಿದರು. ಹಿರಿಯರು ಆಡುತ್ತಿದ್ದ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಗಿರಣಿ ದಾಟಿ ಮೂರನೇ ಮನಿ, ಒಳಗ ಹೋಗು" ಎಂದರು. ಹುಡುಗ ಹೋದ. ಬಾಗಿಲು ತೆರೆಯಿತು. ಒಳಗೆ ನಾವು ಏನೂ ಇಟ್ಟಿರಲಿಲ್ಲ, ಖಾಲಿ ಕೋಣೆ. ಅವರಿಗೆ ಅಷ್ಟು ಸಾಕಾಯಿತೆಂದು ಕಾಣುತ್ತದೆ.

ಅವತ್ತೇ ನಾನು ಕಾಕಾನಿಗೆ ಮಾತು ಕೊಟ್ಟೆ. "ಮೂರನೇ ಭಾಗ ಬರಲಿ ಕಾಕಾ. ಓಣಿ ಪೂರ್ತಿ ಅದರಾಗ ತರ್ತೇವಿ. ಅದರಾಗ ನೀರೂ ಏರಸಬಹುದಂತ."

"ಓಣಿ ತರ್ರಿ," ಎಂದರು ಕಾಕಾ. "ನೀರು ಬ್ಯಾಡಪಾ."

ಮೂರನೆಯ ಭಾಗ ಹುಬ್ಬಳ್ಳಿಯಿಂದ ಬಂದ ದಿನ ನಾನು ಎರಡು ತರಗತಿ ತಪ್ಪಿಸಿದೆ. ಮುಖಪುಟದ ಮೇಲೆ ಅದೇ ಹೆಸರು, ಅದೇ ಕೆಂಪು ಅಕ್ಷರ. ಒಳಗೆ ಬೇರೆ ಯಾರೋ ಇದ್ದರು. ಗುಂಡು ತಗುಲಿದರೆ ಗೋಡೆಯ ಮರೆಗೆ ಕುಳಿತರೆ ಸಾಕು, ಗಾಯ ತಾನೇ ಮಾಯುತ್ತದೆ. ಔಷಧಿ ಪೆಟ್ಟಿಗೆ ಇಲ್ಲ. ಮುಂದೆ ಒಬ್ಬ ಸೈನಿಕ ನನ್ನ ಹಿಂದೆ ಬಾ, ನನ್ನ ಹಿಂದೆ ಬಾ ಎಂದು ಓಡುತ್ತಾನೆ, ಅವನು ಹೋದಲ್ಲಿ ಬಿಟ್ಟು ಬೇರೆ ದಾರಿಯಿಲ್ಲ. ಇದೆಲ್ಲ ಎದುರಾಳಿಯ ಆಟದ್ದು. ಆ ವರ್ಷ ಅದು ಭಾಳ ಓಡಿತ್ತು; ಇವರು ಅದನ್ನು ನೋಡಿ ಹೆದರಿ ಅದರಂತೆಯೇ ವೇಷ ಹಾಕಿಕೊಂಡಿದ್ದರು, ಓಡುವಾಗ ಬಂದೂಕು ತೂಗುವ ರೀತಿಯವರೆಗೂ. ಒಂದು ಹಂತದಲ್ಲಿ ಒಂದು ಪೇಟೆ ಬಂತು. ನಾನು ಸೈನಿಕನನ್ನು ಬಿಟ್ಟು ಒಂದೊಂದೇ ಬಾಗಿಲಿಗೆ ಹೋದೆ. ಒಂದೂ ತೆರೆಯಲಿಲ್ಲ. ಎಲ್ಲ ಗೋಡೆಯ ಮೇಲೆ ಬಳಿದ ಚಿತ್ರ.

ಕಟ್ಟುವ ಸಲಕರಣೆಗಾಗಿ ಸಿಡಿಯ ಒಂದೊಂದು ಕಡತವನ್ನೂ ತೆರೆದು ನೋಡಿದೆ. ಇರಲಿಲ್ಲ.

ಮುಂದಿನದನ್ನು ಇದ್ದಂತೆ ಹೇಳುತ್ತೇನೆ. ಹುಡುಗರಿಗೆ ಮೂರನೆಯದು ಹಿಡಿಸಿತು. ಗೆಳೆಯನಿಗೂ ಹಿಡಿಸಿತು. ಯಂತ್ರಗಳಲ್ಲಿ ಎರಡಕ್ಕೂ ಜಾಗ ಇರಲಿಲ್ಲ, ಒಂದನ್ನು ತೆಗೆಯದೆ ಇನ್ನೊಂದು ಹಾಕುವಂತಿರಲಿಲ್ಲ. ಐದು ಯಂತ್ರದಲ್ಲಿ ಓಣಿ ಹೋಯಿತು. ಆರನೆಯದಕ್ಕಾಗಿ ನಾನು ಕಾಕಾನ ಮುಂದೆ ಅರ್ಧ ಗಂಟೆ ವಾದ ಮಾಡಿದೆ.

"ಆತಪಾ," ಎಂದರು ಅವರು. "ಓಣಿ ಕಟ್ಟಿದವರು ನೀವಿಬ್ಬರು. ಇಬ್ಬರೂ ಹ್ಞೂಂ ಅನ್ನೂತನಕ ಅದನ್ನ ಮುಟ್ಟಾಂಗಿಲ್ಲ."

ಆ ಮಾತಿನ ಮೇಲೆ, ರಜೆಗೆ ಊರಿನ ಬಸ್ಸು ಹತ್ತುವಾಗ ನನಗೆ ಧೈರ್ಯವಿತ್ತು. ಆದರೂ ಹೊರಡುವ ಮುನ್ನ ಓಣಿಯನ್ನು ಒಂದು ಫ್ಲಾಪಿಗೆ ಇಳಿಸಿಕೊಂಡೆ. ಪರದೆಯ ಮೇಲಿದ್ದ ಓಣಿಯ ಗುರುತನ್ನು ಹಿಡಿದು ಎಳೆದು ಫ್ಲಾಪಿಯಲ್ಲಿ ಹಾಕಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಯಿತು. ಗೆಳೆಯನಿಗೆ ತೋರಿಸಿ ಹೇಳಿದೆ: "ನೋಡು, ಈಗ ಯಾರೇನೂ ಮಾಡಾಕಾಗಂಗಿಲ್ಲ."

ಪರೀಕ್ಷೆಯ ರಜೆ ಹದಿನೈದು ದಿನ. ಇಳಕಲ್ಲಿನಲ್ಲಿ ಅವ್ವನ ಮಗ್ಗದ ಪಕ್ಕದಲ್ಲಿ ಕುಳಿತು ಓದಿದೆ. ತಿರುಗಿ ಬರುವಾಗ ಬಸ್ಸು ಹುನಗುಂದದಲ್ಲಿ ಕೆಟ್ಟು ನಿಂತಿತ್ತು, ಅಲ್ಲಿ ಗಂಟೆಗಟ್ಟಲೆ ಕುಳಿತೇ ಮುಂದಿನ ಸ್ಪರ್ಧೆಗೆ ಅವನ ವಾದವನ್ನು ಎರಡು ಪುಟ ಬರೆದೆ. ಬಾಗಲಕೋಟೆಯಲ್ಲಿ ಇಳಿದವನು ಚೀಲ ಸಮೇತ ಸೆಂಟರಿಗೆ ಹೋದೆ. ಆರನೆಯ ಯಂತ್ರದಲ್ಲಿ ಯಾರೋ ಮೂರನೆಯ ಭಾಗ ಆಡುತ್ತಿದ್ದ.

"ಕಾಕಾ, ಓಣಿ?"

ಕಾಕಾ ಝರಾಕ್ಸ್ ಯಂತ್ರದಿಂದ ತಲೆ ಎತ್ತಿದರು. "ನೀನೂ ಹ್ಞೂಂ ಅಂದಿಯಂತಲ್ಲ? ನಿನ್ನ ಜೋಡಿದಾರ ಹೇಳಿದ. ನೀ ಊರಿಂದ ಫೋನ್ ಮಾಡಿದ್ದಿಯಂತ, ಒಪ್ಪೀಯಂತ."

ನಾನು ಫೋನು ಮಾಡಿಲ್ಲ ಎಂದೆ. ನಮ್ಮ ಮನೆಯಲ್ಲಿ ಫೋನೇ ಇರಲಿಲ್ಲ.

ಕೋಣೆಯಲ್ಲಿ ಗೆಳೆಯ ಚಾಪೆಯ ಮೇಲೆ ಕುಳಿತು ಚುರುಮುರಿ ತಿನ್ನುತ್ತಿದ್ದ. ನಾನು ಚೀಲ ಇಳಿಸಲಿಲ್ಲ.

"ನಾ ಒಪ್ಪೇನಿ ಅಂತ ಯಾಕ ಹೇಳಿದಿ?"

"ನೀ ಒಪ್ಪತಿದ್ದಿಲ್ಲ, ಅದಕ್ಕ."

"ಇದು ಉತ್ತರ ಏನ್ಲೇ?"

"ಕುಂದ್ರು ಮೊದ್ಲ. ಹದಿನೈದು ದಿನದಾಗ ಆ ಮಷೀನಿಗೆ ಎಷ್ಟು ಮಂದಿ ಕುಂತ್ರು ಗೊತ್ತೇನು? ನಾ ಒಬ್ಬನ. ಅದೂ ನಿನ್ನ ಸಲುವಾಗಿ, ಒಂದು ಸಲ. ಮಂದಿ ಬಂದು ಮೂರು ಐತೇನ್ರಿ ಅಂತ ಕೇಳಿ ಹೊಳ್ಳಿ ಹೊಂಟಿದ್ರು. ಕಾಕಾ ಬಾಯಿ ಬಿಟ್ಟು ಹೇಳಾಂಗಿಲ್ಲ, ಮಾತು ಕೊಟ್ಟಾರ."

"ಅದು ನಕಲಿ ಆಟ. ಬಾಗಲಾನೂ ತೆರೆಯಾಂಗಿಲ್ಲ ಅದರಾಗ."

"ನಕಲಿ," ಎಂದ ಅವನು, ವೇದಿಕೆಯ ಮೇಲೆ ಎದ್ದು ನಿಂತವನ ಧ್ವನಿಯಲ್ಲಿ. "ಎರಡನೇದು ಏನು ಆಕಾಶದಿಂದ ಬಿತ್ತೇನು? ಅದಕ್ಕೂ ಒಬ್ಬ ಅಪ್ಪ ಇದ್ದ. ನಮ್ಮ ಓಣಿ? ಕಾಕಾನ ನೆನಪಿನ ನಕಲು. ನಿನ್ನ ಅಟ್ಟ? ಎದುರಾಳಿ ಆಟದ ಮರುಭೂಮ್ಯಾಗ ಮಣ್ಣಿನ ಮನಿ ಮ್ಯಾಲೆ ಇದ್ದದ್ದು. ನನಗ ಗೊತ್ತಿತ್ತು, ಮೂರು ತಿಂಗಳು ಯಾರಿಗೂ ಹೇಳಲಿಲ್ಲ."

ಇದು ಒಳ್ಳೆಯ ವಾದ. ಅಟ್ಟ ಕದ್ದದ್ದೇ. ನಾನು ಹೇಳಬಹುದಾದದ್ದು ಇಷ್ಟು: ನಾವು ಕದ್ದ ಅಟ್ಟಕ್ಕೆ ಕಾಕಾನ ಗಿರಣಿಯನ್ನು ಕೊಂಡಿ ಹಾಕಿದ್ದೆವು, ಮೂರನೆಯ ಭಾಗದವರು ತಮ್ಮದೆಲ್ಲ ಕಿತ್ತೆಸೆದು ಇನ್ನೊಬ್ಬರದನ್ನು ತಂದು ತಮ್ಮ ಹೆಸರು ಒತ್ತಿದ್ದರು. ಆದರೆ ಅವತ್ತು ನಾನು ಇದನ್ನು ಹೇಳಲಿಲ್ಲ. ಅವನು ಪರ-ವಿರೋಧ ಆಡುತ್ತಿದ್ದಾನೆ, ನನಗೆ ಮೂರು ತಿಂಗಳು ಹೋಗಿದೆ ಎಂದಷ್ಟೇ ಅವತ್ತು ಕಂಡಿತು. ನನ್ನ ಹೆಸರಿನಲ್ಲಿ ಸುಳ್ಳು ಹೇಳುವಾಗಲೂ ಅವನ ವಾದ ನನ್ನ ವಾದಕ್ಕಿಂತ ಚೆನ್ನಾಗಿತ್ತು.

ಅವನೇ ಮತ್ತೆ, ಧ್ವನಿ ಇಳಿಸಿ: "ಹೋಗಲಿ ಬಿಡೋ. ನಿನ್ನ ಕಡೆ ಫ್ಲಾಪಿ ಐತಲ್ಲ. ಅದನ್ನ ನಂಬೇ ನಾ ಹ್ಞೂಂ ಅಂದೆ. ನಡಿ, ಕಾಕಾಗ ಹೇಳಿ ಒಂದು ಮಷೀನಿನ್ಯಾಗ ಎರಡನೇದು ಹೊಳ್ಳಿ ಹಾಕೂಣು, ಮ್ಯಾಲೆ ಓಣಿ ಇಡೂಣು."

ಹೋದೆವು. ಅಂಗಡಿ ಮುಚ್ಚುವ ಹೊತ್ತು, ಹುಡುಗರು ಎದ್ದು ಹೋಗಿದ್ದರು. ಎರಡನೆಯದನ್ನು ಹಾಕುವ ಮೊದಲು ಫ್ಲಾಪಿ ಹಾಕಿ ಓಣಿಯ ಗುರುತಿನ ಮೇಲೆ ಎರಡು ಸಲ ಒತ್ತಿದೆ. ಪರದೆಯ ಮೇಲೆ ಒಂದು ಪುಟ್ಟ ಬ್ಯಾಟರಿ ಚಿತ್ರ ಬಂದು ಅತ್ತಿತ್ತ ಬೆಳಕು ಬೀರುತ್ತ ಹುಡುಕತೊಡಗಿತು. ಹುಡುಕಿತು, ಹುಡುಕಿತು. ಆಮೇಲೆ ಸಿಗಲಿಲ್ಲ ಎಂದು ಹೇಳಿತು.

ನಾನು ಇಳಿಸಿಕೊಂಡದ್ದು ಶಾರ್ಟ್‌ಕಟ್. ಓಣಿ ಎಲ್ಲಿದೆ ಎಂದು ಬೆರಳು ತೋರಿಸುವ ಒಂದು ಚೀಟಿ, ಅಷ್ಟೇ. ಓಣಿ ಆರನೆಯ ಯಂತ್ರದೊಳಗೇ ಇತ್ತು, ಅಲ್ಲೇ ಅಳಿಸಿಹೋಗಿತ್ತು. ಮೂರು ತಿಂಗಳ ಕೆಲಸ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೇಗೆ ಇಳಿಯಿತು ಎಂದು ಅವತ್ತು ನನಗೆ ಅನುಮಾನ ಬರಬೇಕಿತ್ತು.

"ನೀ ಒಮ್ಮೆ ತೆರೆದು ನೋಡಲಿಲ್ಲೇನು?" ಎಂದ ಗೆಳೆಯ. ಹಂಗಿಸಲಿಲ್ಲ, ಮೆಲ್ಲಗೆ ಕೇಳಿದ. ಹಂಗಿಸಿದ್ದರೆ ಜಗಳ ಆಡಬಹುದಿತ್ತು.

ಕಾಕಾ ಯಂತ್ರಗಳನ್ನು ಆರಿಸಿದರು. "ಇಬ್ಬರೂ ಹಲಗಿ ಹಿಡೀರಿ," ಎಂದು ಬಾಗಿಲಿಗೆ ಹೋಗಿ ನಿಂತರು. ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ನಾವು ಕೊಡುತ್ತ ಹೋದೆವು, ಅವರು ತೋಡಿಗೆ ಇಳಿಸುತ್ತ ಹೋದರು. ಆರರ ನಂತರ ಗೆಳೆಯ ಎಂಟನ್ನು ಮುಂದೆ ಮಾಡಿದ.

"ಏಳು ಕೊಡಪಾ."

ಅವನು ಅಂಕಿ ಹುಡುಕುತ್ತಿದ್ದ. ಏಳು ನನ್ನ ಕೈಯಲ್ಲಿತ್ತು, ಅಂಕಿ ನನ್ನ ಎದೆಯ ಕಡೆ ತಿರುಗಿತ್ತು. ಹೆಬ್ಬೆರಳು ಗಂಟಿನ ಮೇಲೇ ಇತ್ತು. ಸ್ವಲ್ಪ ಹೊತ್ತು ಕೊಡಲಿಲ್ಲ. ಆಮೇಲೆ ಕೊಟ್ಟೆ.

"ಖರೆ ಓಣಿ ಹೋಗೂವಾಗ ನನ್ನೂ ಯಾರೂ ಕೇಳಿದ್ದಿಲ್ಲ," ಎಂದರು ಕಾಕಾ, ಹಲಗೆ ಇಳಿಸುತ್ತ. "ಈ ಸಲ ಇಬ್ಬರನ್ನೂ ಕೇಳೇನಿ ಅಂದಕೊಂಡಿದ್ದೆ."

ಗೆಳೆಯ ತಲೆ ತಗ್ಗಿಸಿದ. ನಾನು ಅವನ ಕಡೆ ನೋಡಲಿಲ್ಲ.

ಮರುದಿನ ಚರ್ಚಾ ಕೂಟದ ಅಧ್ಯಾಪಕರ ಬಳಿ ಹೋಗಿ ಬೇರೆ ಜೋಡಿದಾರನನ್ನು ಕೊಡಿ ಎಂದೆ. ಅವರಿಗೆ ಆಶ್ಚರ್ಯವಾಯಿತು. ಎರಡು ವರ್ಷ ಒಟ್ಟಿಗೆ ಫಲಕ ತಂದವರು ನೀವು, ಅವನು ಏನು ಮಾಡಿದ ಹೇಳು ಎಂದರು. ನಾನು ಬಾಯಿ ತೆರೆದೆ. ಅವನ ವಾದ ಬರೆದ ಎರಡು ಪುಟ ಜೇಬಿನಲ್ಲಿದ್ದವು, ಚೀಲದಲ್ಲಿ ಆ ಫ್ಲಾಪಿ. ಪುರಾವೆ ಎಂದು ಮುಂದಿಡಲು ನನ್ನ ಬಳಿ ಇದ್ದದ್ದು ಅಷ್ಟೇ. ಏನಿಲ್ಲ ಸರ್ ಎಂದು ಹೊರಗೆ ಬಂದೆ.